ಬಿಲ್ಲಿನಲ್ಲಿ ಕಾಣದ ಬೆಲೆ



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹೊಲಗಳಲ್ಲಿ ಪಂಪ್‌ಸೆಟ್ ಓಡುವುದನ್ನು ನೀವು ಕಂಡಿದ್ದೀರಿ. 2008ರಿಂದ ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ರೈತ ಬಿಲ್ಲು ಕಟ್ಟಬೇಕಿಲ್ಲ. ಹಾಗೆಂದು ಆ ವಿದ್ಯುತ್ತಿಗೆ ಬೆಲೆಯೇ ಇಲ್ಲವೇ?

ಶರಾವತಿಯ ಕಾಲದಲ್ಲಿ ನಮ್ಮ ವಿದ್ಯುತ್ತೆಂದರೆ ಬಹುಪಾಲು ನೀರಿನ ವಿದ್ಯುತ್ತು. 1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಯಿತು. ಅಲ್ಲಿಂದ ರಾಜ್ಯದ ದೀಪಕ್ಕೂ ಕಲ್ಲಿದ್ದಲ ಹೊಗೆಗೂ ನಂಟು ಬೆಳೆಯಿತು.

1987ರಲ್ಲಿ ರಾಜ್ಯ ಹೊಸ ವಿದ್ಯುತ್ ಸ್ಥಾವರಗಳ ದೀರ್ಘಾವಧಿ ಯೋಜನೆ ಹಾಕಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 1991ರಲ್ಲಿ ಬೇರೊಂದು ಲೆಕ್ಕ ಮುಂದಿಟ್ಟರು. ಜನರಿಗೆ ಬೇಕಾದುದು ಯೂನಿಟ್ಟುಗಳಲ್ಲ, ಬೆಳಕು ಮತ್ತು ನೀರು. ಒಳ್ಳೆಯ ದೀಪ, ಒಳ್ಳೆಯ ಪಂಪು ಕೊಟ್ಟರೆ ಕಡಿಮೆ ಖರ್ಚಿನಲ್ಲಿ ಅದೇ ಕೆಲಸ ಆಗುತ್ತದೆ ಎಂಬುದು ಅವರ ವಾದ.

2015ರಲ್ಲಿ ‘ಉಜಾಲಾ’, ನಮ್ಮಲ್ಲಿ ‘ಹೊಸ ಬೆಳಕು’ ಯೋಜನೆ ಬಂತು. 60 ವ್ಯಾಟ್ ಬಲ್ಬಿನ ಜಾಗದಲ್ಲಿ 9 ವ್ಯಾಟ್ ಎಲ್‌ಇಡಿ ಹಾಕಿ, ದಿನಕ್ಕೆ 5 ಗಂಟೆ ಉರಿಸಿದರೆ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿತಾಯ. ದೇಶದ ಸರಾಸರಿಯಂತೆ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದರೆ, ಉಳಿದದ್ದು 65 ಕಿಲೋ.

ಈ 65 ಕಿಲೋಗೆ ಬೆಲೆ ಎಷ್ಟು? ಒಬ್ಬರ ಚಿಮಣಿ ಇನ್ನೊಬ್ಬರಿಗೆ ಮಾಡುವ ನಷ್ಟವನ್ನು ಲೆಕ್ಕಕ್ಕೆ ತರಬೇಕೆಂಬ ವಿಚಾರವನ್ನು 1920ರಲ್ಲೇ ಅರ್ಥಶಾಸ್ತ್ರಜ್ಞ ಪಿಗೂ ಬರೆದಿದ್ದ. ಅಮೆರಿಕ ಸರ್ಕಾರ 2010ರಲ್ಲಿ ಟನ್ನಿಗೆ 21 ಡಾಲರ್ ಎಂದಿತು. 2023ರಲ್ಲಿ ಅಲ್ಲಿನ ಪರಿಸರ ಸಂಸ್ಥೆ 190 ಎಂದಿತು. 2025ರಲ್ಲಿ ಹೊಸ ಸರ್ಕಾರ ಈ ಲೆಕ್ಕದ ಕಾರ್ಯತಂಡವನ್ನೇ ವಿಸರ್ಜಿಸಿತು. ಮೊದಲ ದರದಲ್ಲಿ ನಮ್ಮ ಬಲ್ಬು ತಪ್ಪಿಸುವ ನಷ್ಟ ವರ್ಷಕ್ಕೆ ಸುಮಾರು 1.4 ಡಾಲರ್, ಎರಡನೆಯದರಲ್ಲಿ 12 ಡಾಲರಿಗೂ ಮಿಕ್ಕಿ. ವ್ಯತ್ಯಾಸಕ್ಕೆ ದೊಡ್ಡ ಕಾರಣ, ನಾಳಿನವರ ನಷ್ಟವನ್ನು ಇಂದು ಎಷ್ಟು ಕಡಿತಮಾಡಿ ಎಣಿಸುತ್ತೇವೆ ಎಂಬುದು. ವಿಜ್ಞಾನದ ಜೊತೆಗೆ ಅದು ನ್ಯಾಯದ ಪ್ರಶ್ನೆಯೂ ಹೌದು.

ಇದರರ್ಥ ಬ್ಯಾಡಗಿಯ ಸಣ್ಣ ರೈತನಿಗೆ ಹೊಗೆಯ ಬಿಲ್ಲು ಕಳಿಸಬೇಕೆಂದಲ್ಲ. ಉಚಿತ ವಿದ್ಯುತ್ತಿನ ಹಣವನ್ನು ಸರ್ಕಾರ ಭರಿಸುತ್ತದೆ. ಆದ್ದರಿಂದ ದಕ್ಷ ಪಂಪಿನಿಂದ ಉಳಿಯುವ ಹಣವೂ ಬೊಕ್ಕಸದ್ದೇ. ಅದಕ್ಕೆ ಹೊಗೆಯ ಬೆಲೆ ಸೇರಿಸಿದರೆ ಹೊಸ ಪಂಪಿಗೆ ಸರ್ಕಾರವೇ ಹಣ ಹಾಕುವುದು ಇನ್ನಷ್ಟು ಸಮಂಜಸ. ಒಂದು ಎಚ್ಚರಿಕೆ: ಒಳ್ಳೆಯ ಪಂಪು ಹೆಚ್ಚು ನೀರೆತ್ತಿದರೆ ಅಂತರ್ಜಲ ಬತ್ತುತ್ತದೆ. ಆ ನಷ್ಟವನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು.

ಮುಂದೆ ಈ ತಕ್ಕಡಿ ಹಿಡಿಯುವವರು ನೀವು. ಅಣಸಿಗೆ ಹಾಕಿದ ಮೆಣಸಿನಕಾಯಿಯ ಮೇಲೆ ಅಕಾಲ ಮಳೆ ಬಿದ್ದರೆ ನಷ್ಟ ಯಾರಿಗೆಂದು ನಿಮ್ಮ ಊರಿನವರಿಗೆ ಗೊತ್ತು. ಯಾವ ಯೋಜನೆಯ ಲೆಕ್ಕಪತ್ರ ಕೈಗೆ ಬಂದರೂ, ಅದರಲ್ಲಿ ಯಾರ ನಷ್ಟ ಬರೆದಿಲ್ಲ ಎಂದು ಮೊದಲು ಕೇಳಿ.