ಸಮ್ಮೇದಗಿರಿಯಲ್ಲಿ ಬೇಟೆಯ ಬಿಡಾರ

ಸಮ್ಮೇದಶಿಖರಜಿಯ ಯಾತ್ರೆ ಮಾಡಿಬಂದ ಶ್ರಾವಕರಿಗೆ ಆ ಗಿರಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಇಪ್ಪತ್ತು ಮಂದಿ ತೀರ್ಥಂಕರರು ನಿರ್ವಾಣ ಹೊಂದಿದ ಸಿದ್ಧಕ್ಷೇತ್ರವದು. ನಸುಕಿಗೆ ಬಹು ಮುಂಚೆಯೇ ಮಧುಬನವನ್ನು ಬಿಟ್ಟು, ಒಂಬತ್ತು ಕಿಲೋಮೀಟರು ಏರಿ, ಒಂಬತ್ತು ಕಿಲೋಮೀಟರು ಟೋಂಕುಗಳ ವಂದನೆ ಮಾಡಿ, ಮತ್ತೆ ಒಂಬತ್ತು ಕಿಲೋಮೀಟರು ಇಳಿಯುವ ಯಾತ್ರಿಕನಿಗೆ ಎರಡೂ ಬದಿಗೆ ಕಾಣುವುದು ದಟ್ಟವಾದ ಕಾಡು. ಆ ಕಾಡಿಗೂ ಒಂದು ಚರಿತ್ರೆಯುಂಟು. ನಮ್ಮ ಯಾತ್ರಾ ಪುಸ್ತಕಗಳಲ್ಲಿ ಅದು ಕಾಣಸಿಗುವುದು ವಿರಳ. ನಾವು ಪಾರಸನಾಥವೆಂದು ಕರೆಯುವ ಈ ಬೆಟ್ಟವೇ ಸಂತಾಲ ಜನರಿಗೆ ಮರಾಂಗ್ ಬುರು, ಅಂದರೆ ಹಿರಿಯ ಬೆಟ್ಟ, ಅವರ ಪರಮದೈವ. ವೈಶಾಖ ಪೂರ್ಣಿಮೆಯ ಸಮಯದಲ್ಲಿ ಅವರು ಇಲ್ಲಿ ಸಾಮೂಹಿಕ ಬೇಟೆಗೆಂದು ನೆರೆಯುತ್ತಿದ್ದರು. ಅಹಿಂಸೆಯ ಪರಮ ಕ್ಷೇತ್ರದಲ್ಲಿಯೇ ಬೇಟೆಯ ಬಿಡಾರ! ಈ ವೈಪರೀತ್ಯವನ್ನು ಕಂಡು ಮುಖ ತಿರುಗಿಸುವುದು ಸುಲಭ. ಆದರೆ ಆ ಬಿಡಾರಕ್ಕೆ ಎಂತಹ ಕಟ್ಟಳೆಗಳಿದ್ದವೆಂಬುದನ್ನು ತಿಳಿದ ಮೇಲೆ, ಮುಖ ತಿರುಗಿಸುವುದಷ್ಟೇ ಸಾಲದೆಂದು ತೋರುತ್ತದೆ.

ಸಂತಾಲರ ವಾರ್ಷಿಕ ಬೇಟೆಯು ಯಾರಿಗೆ ಬೇಕಾದಾಗ ಯಾರು ಬೇಕಾದರೂ ಹೂಡುವ ವಿನೋದವಲ್ಲ. ಅದಕ್ಕೆ ದಿಹ್ರಿ ಎಂಬ ಪುರೋಹಿತನಿದ್ದಾನೆ. ದಿನವನ್ನು ಗೊತ್ತುಮಾಡಿ ಊರೂರಿಗೆ ಸಾಲವೃಕ್ಷದ ಕೊಂಬೆಯನ್ನು ಕಳುಹಿಸುವವನು ಅವನೇ. ಬೇಟೆಗೆ ಎಷ್ಟು ದಿನ ಉಳಿದಿದೆಯೋ ಅಷ್ಟು ಎಲೆಗಳು ಆ ಕೊಂಬೆಯಲ್ಲಿರುತ್ತವೆ. ಓದುಬರಹವಿಲ್ಲದ ಕಾಲದ ಕರೆಯೋಲೆಯದು. ಎಲ್ಲಿ ಕೂಡಬೇಕು, ಯಾವ ಕಡೆಯಿಂದ ಕಾಡನ್ನು ಹೊಗಬೇಕು, ರಾತ್ರಿ ಎಲ್ಲಿ ತಂಗಬೇಕು ಎಂಬುದೆಲ್ಲ ಮೊದಲೇ ನಿಶ್ಚಿತ. ತಂಗುವ ಬಯಲಿಗೆ ಗಿಪಿತಿಚ್ ಟಾಂಡಿ, ಅಂದರೆ ಒಟ್ಟಾಗಿ ಮಲಗುವ ಬಯಲು ಎಂದು ಹೆಸರು. ಬೇಟೆಗೆ ಮುನ್ನ ದಿಹ್ರಿಯು ಕಾಡಿನ ದೈವಗಳಿಗೆ ಕೋಳಿಯ ಬಲಿಯನ್ನರ್ಪಿಸಿ, ಬಂದವರಿಗೆ ಅಪಾಯವಾಗದಿರಲೆಂದು ಬೇಡಿಕೊಳ್ಳುತ್ತಾನೆ. ಬಿದ್ದ ಪ್ರಾಣಿ ಯಾರ ಪಾಲು ಎಂಬುದಕ್ಕೂ ನಿಯಮವುಂಟು.

ಇವೆಲ್ಲಕ್ಕಿಂತ ಮುಖ್ಯವಾದುದು ರಾತ್ರಿಯ ಸಭೆ. ಅದಕ್ಕೆ ಲೋ ಬೀರ್ ಬೈಸಿ ಎನ್ನುತ್ತಾರೆ. ಲೋ ಎಂದರೆ ಸುಟ್ಟ, ಬೀರ್ ಎಂದರೆ ಕಾಡು, ಬೈಸಿ ಎಂದರೆ ಕುಳಿತ ಸಭೆ. ಹಗಲಿನ ಬೇಟೆ ಮುಗಿದು ಬೆಂಕಿಯ ಸುತ್ತ ಕುಳಿತಾಗ ಅಲ್ಲಿ ನ್ಯಾಯವಿಚಾರಣೆ ನಡೆಯುತ್ತಿತ್ತು. ಊರಿನ ಮಾಂಝಿ, ಹಲವು ಊರುಗಳಿಗೆ ಹಿರಿಯನಾದ ಪರಗನಾಯತ, ಇವರು ಕೊಟ್ಟ ತೀರ್ಪಿನಿಂದ ನೊಂದವನು ತನ್ನ ದೂರನ್ನು ಇಲ್ಲಿಗೆ ತರಬಹುದಾಗಿತ್ತು. ಸ್ವತಃ ಆ ಹಿರಿಯರ ಮೇಲೆಯೇ ದೂರು ಹೇಳಬಹುದಾಗಿತ್ತು. ಜಾತಿಯಿಂದ ಹೊರಗಿಡುವಂತಹ ಕಠಿಣ ನಿರ್ಣಯಗಳಿಗೆ ಈ ಸಭೆಯ ಒಪ್ಪಿಗೆ ಬೇಕಾಗಿತ್ತು. ಊರಿನಲ್ಲಿ ದೊಡ್ಡವನೆನಿಸಿದವನು ಬೇಟೆಯ ಬಯಲಿನಲ್ಲಿ ದೊಡ್ಡವನಲ್ಲ. ಹೀಗೆ ಆ ಜನಾಂಗದ ಅತ್ಯುಚ್ಚ ನ್ಯಾಯಪೀಠವು ಕಟ್ಟಡವಿಲ್ಲದೆ, ವರ್ಷದ ಕೆಲವು ರಾತ್ರಿಗಳಲ್ಲಿ ಮಾತ್ರ, ಬಿಡಾರದ ಬೆಂಕಿಯ ಬೆಳಕಿನಲ್ಲಿ ಜೀವಿಸಿತ್ತು.

ಈ ಗಿರಿಯ ಮೇಲೆ ಬಿಡಾರ ಹೂಡಿದವರು ಸಂತಾಲರು ಮಾತ್ರವಲ್ಲ. ಬ್ರಿಟಿಷ್ ಸರ್ಕಾರವು ತನ್ನ ಯುರೋಪಿಯನ್ ಸೈನಿಕರ ಆರೋಗ್ಯಧಾಮಕ್ಕೆ ಇದೇ ಶಿಖರವನ್ನು ಆರಿಸಿ 1864ರಲ್ಲಿ ಅಲ್ಲಿ ಸೈನಿಕರನ್ನಿರಿಸಿತು. ಜಾಗವೂ ನೀರೂ ಸಾಲದೆ 1868ರಲ್ಲಿ ಅದನ್ನು ಕೈಬಿಡಬೇಕಾಯಿತು. ಅಧಿಕಾರಿಗಳಿದ್ದ ಕಟ್ಟಡ ಮುಂದೆ ಡಾಕ್ ಬಂಗಲೆಯಾಯಿತು. ಅಲ್ಲಿ ತಂಗಿದವರ ಅಡುಗೆಮನೆಯಲ್ಲಿ ಏನು ಬೇಯುತ್ತಿತ್ತೆಂದು ಊಹಿಸಲು ಕಷ್ಟವಿಲ್ಲ. ಮುಂದೆ ಬೆಟ್ಟದ ತಪ್ಪಲಿನಲ್ಲಿ ಹಂದಿಗಳನ್ನು ಕೊಂದು ಕೊಬ್ಬು ತೆಗೆಯುವ ಕಾರ್ಖಾನೆಯನ್ನು ಒಬ್ಬ ಆಂಗ್ಲನು ತೆರೆದಾಗ ಜೈನ ಸಮಾಜ ಎಚ್ಚೆತ್ತಿತು. 1893ರಲ್ಲಿ ಚಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಜೈನಧರ್ಮವನ್ನು ಪ್ರತಿನಿಧಿಸಿದ ವೀರಚಂದ ರಾಘವಜಿ ಗಾಂಧಿಯವರು ಅದಕ್ಕೂ ಮೊದಲು ಕಲ್ಕತ್ತೆಯಲ್ಲಿ ತಿಂಗಳುಗಟ್ಟಲೆ ನಿಂತು, ಹಳೆಯ ದಸ್ತಾವೇಜುಗಳನ್ನು ಓದಲೆಂದೇ ಬಂಗಾಳಿಯನ್ನು ಕಲಿತು, ಆ ಮೊಕದ್ದಮೆಯನ್ನು ನಡೆಸಿ ಗೆದ್ದುಕೊಟ್ಟರು. ಎದುರಾಳಿಯ ಕಾಗದಪತ್ರಗಳನ್ನು ಓದುವುದಕ್ಕಾಗಿ ಒಂದು ಭಾಷೆಯನ್ನೇ ಕಲಿತ ಆ ಶ್ರಮವನ್ನು ಈ ಲೇಖಕನು ಎಂದಿಗೂ ಗೌರವದಿಂದ ನೆನೆಯುತ್ತಾನೆ. ಸಂತಾಲಿಯನ್ನು ಕಲಿಯಬೇಕೆಂದು ನಮ್ಮಲ್ಲಿ ಯಾರಿಗೂ ತೋರಿದಂತಿಲ್ಲ.

ಸಂತಾಲರೊಡನೆಯೂ ವ್ಯಾಜ್ಯ ನಡೆಯಿತು. 20ನೆಯ ಶತಮಾನದ ಮೊದಲ ದಶಕಗಳಲ್ಲಿ, ಗಿರಿಯ ಮೇಲೆ ಬೇಟೆಯಾಡುವ ಅವರ ರೂಢಿಯ ಹಕ್ಕು ಸರ್ವೆಯ ಹಕ್ಕುದಾಖಲೆಗೆ ಸೇರಿತು. ಜೈನರು ಅದನ್ನು ಪ್ರಶ್ನಿಸಿದರಾದರೂ ನ್ಯಾಯಾಲಯದಲ್ಲಿ ಸಂತಾಲರ ಹಕ್ಕೇ ನಿಂತಿತು. 1918ರಲ್ಲಿ ಶ್ವೇತಾಂಬರ ಸಮಾಜದ ಆನಂದಜಿ ಕಲ್ಯಾಣಜಿ ಪೇಢಿಯು ಪಾಲಗಂಜದ ರಾಜರಿಂದ ಬೆಟ್ಟವನ್ನು ಕ್ರಯಕ್ಕೆ ಪಡೆಯಿತು. (ನಮ್ಮ ಎರಡು ಸಂಪ್ರದಾಯಗಳ ನಡುವಣ ದಾವೆಗಳು ಈ ಬರಹದ ವಿಷಯವಲ್ಲ, ಅವುಗಳಿಗೆ ವ್ಯಯವಾದ ದ್ರವ್ಯವನ್ನು ನೆನೆಯದಿರುವುದೇ ಲೇಸು.) ಸ್ವಾತಂತ್ರ್ಯಾನಂತರ, 1950ರ ಬಿಹಾರ ಭೂಸುಧಾರಣಾ ಕಾಯಿದೆಯ ಪರಿಣಾಮವಾಗಿ ಕಾಡು ಸರ್ಕಾರದ ವಶಕ್ಕೆ ಹೋಯಿತು. ಅಲ್ಲಿಂದ ಮುಂದೆ ಯಾರು ಎಲ್ಲಿ ತಂಗಬಹುದೆಂಬುದು ರಾಜನ ಅಥವಾ ಪೇಢಿಯ ಮಾತಾಗಿ ಉಳಿಯಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1984ರಲ್ಲಿ ಪಾರಸನಾಥ ಅಭಯಾರಣ್ಯದ ಘೋಷಣೆ, ಇವುಗಳಿಂದ ಬೇಟೆಯು ಅಪರಾಧವಾಯಿತು. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಆಯುಧ ಹಿಡಿದು ಹೋಗುವಂತಿಲ್ಲ. ಅಪಾಯವಾಗುವಂತೆ ಬೆಂಕಿ ಹೊತ್ತಿಸುವಂತಿಲ್ಲ. ಕಾಡಿನ ಜನರಿಗೆ ಅನೇಕ ಹಕ್ಕುಗಳನ್ನು ಮರಳಿ ಕೊಟ್ಟ 2006ರ ಅರಣ್ಯ ಹಕ್ಕು ಕಾಯಿದೆಯು ಸಹ ಪಾರಂಪರಿಕ ಹಕ್ಕುಗಳ ಪಟ್ಟಿಯಿಂದ ಬೇಟೆಯ ಹಕ್ಕನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಇದು ಸಂತೋಷದ ಸಂಗತಿಯೇ. ಆದರೆ ಈ ಶಾಸನಗಳು ಹುಟ್ಟಿದ್ದು ವನ್ಯಪ್ರಾಣಿಗಳು ವಿರಳವಾದುವೆಂಬ ಆತಂಕದಿಂದ. ಜೀವದಯೆಯಿಂದಲೇ ಹುಟ್ಟಿದುವೆಂದು ನಾವು ಹೆಮ್ಮೆಪಡುವುದು ಸತ್ಯಕ್ಕೆ ದೂರ.

ಇನ್ನು ಇತ್ತೀಚಿನ ಪ್ರಕರಣ. 2019ರ ಆಗಸ್ಟ್ 2ರಂದು ಕೇಂದ್ರ ಸರ್ಕಾರ ಹೊರಡಿಸಿದ ಪರಿಸರಸೂಕ್ಷ್ಮ ವಲಯದ ಅಧಿಸೂಚನೆಯಲ್ಲಿ ಪ್ರವಾಸೋದ್ಯಮದ ಪ್ರಸ್ತಾಪವಿದ್ದುದು ದೇಶದ ಜೈನರನ್ನೆಲ್ಲ ಕಳವಳಕ್ಕೀಡುಮಾಡಿದುದು ವಾಚಕರಿಗೆ ನೆನಪಿದೆ. ಮೆರವಣಿಗೆಗಳಾದುವು, ಉಪವಾಸಗಳಾದುವು. 2023ರ ಜನವರಿ 5ರಂದು ಕೇಂದ್ರ ಪರಿಸರ ಮಂತ್ರಾಲಯವು ಪ್ರವಾಸೋದ್ಯಮದ ಚಟುವಟಿಕೆಗಳಿಗೆ ತಡೆ ನೀಡಿತು. ಮಾದಕ ವಸ್ತು, ಧ್ವನಿವರ್ಧಕ, ಪ್ರಾಣಿಸಸ್ಯಗಳಿಗೆ ಹಾನಿ ಇವುಗಳ ನಿಷೇಧದೊಂದಿಗೆ, ಗಿರಿಯ ಮೇಲೆ ಅನುಮತಿಯಿಲ್ಲದ ಬಿಡಾರ ಮತ್ತು ಚಾರಣವನ್ನೂ ನಿಷೇಧಿಸುವ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಮಾಡಬೇಕೆಂದು ರಾಜ್ಯ ಸರ್ಕಾರಕ್ಕೆ ಸೂಚಿಸಿತು. ನಾವು ಹರ್ಷಿಸಿದೆವು. ಅದೇ ತಿಂಗಳಲ್ಲಿ ಸಂತಾಲರು ಮರಾಂಗ್ ಬುರು ತಮ್ಮದೆಂದು ಬೀದಿಗಿಳಿದರು. ಮೋಜಿಗೆ ಬರುವವರ ಡೇರೆಯನ್ನು ತಡೆಯಲೆಂದು ನಾವು ಕೇಳಿದ ಕಟ್ಟಳೆಯು ತಮ್ಮ ಪೂರ್ವಜರ ಬಯಲಿಗೂ ತಟ್ಟೀತೆಂಬ ಭಯ ಅವರದು. ಆ ಭಯ ನಿರಾಧಾರವಲ್ಲ.

ಇಲ್ಲಿ ಶ್ರಾವಕಾಚಾರವು ಏನು ಹೇಳುತ್ತದೆ? ಬೇಟೆಯು ಸಪ್ತವ್ಯಸನಗಳಲ್ಲೊಂದು. ಹಿಂಸೆಯ ನಾಲ್ಕು ಬಗೆಗಳಾದ ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀಗಳಲ್ಲಿ ಗೃಹಸ್ಥನು ಸಂಪೂರ್ಣವಾಗಿ ತೊರೆಯಲೇಬೇಕಾದ ಸಂಕಲ್ಪೀ ಹಿಂಸೆಗೆ ಇದಕ್ಕಿಂತ ನೇರವಾದ ಉದಾಹರಣೆಯಿಲ್ಲ. ಎಷ್ಟೇ ಅಚ್ಚುಕಟ್ಟಾದ ಕಟ್ಟಳೆಯಿದ್ದರೂ, ಪಾಲು ಎಷ್ಟೇ ನ್ಯಾಯವಾಗಿ ಹಂಚಲ್ಪಟ್ಟರೂ, ಬಾಣ ತಗುಲಿದ ಜಿಂಕೆಗೆ ಅದರಿಂದ ಏನೂ ಆಗಬೇಕಾದುದಿಲ್ಲ. ಕೃತ, ಕಾರಿತ, ಅನುಮೋದನೆ ಈ ಮೂರರಿಂದಲೂ ನಾವು ದೂರವಿರಬೇಕು. ಇದರಲ್ಲಿ ರಾಜಿಯಿಲ್ಲ.

ಆದರೆ ಕೊಲ್ಲುವುದು ಬೇರೆ, ಕೂಡಿ ತಂಗುವುದು ಬೇರೆ. ಬೆಟ್ಟದ ಮೇಲೆ ಒಂದು ರಾತ್ರಿ ಕುಳಿತು ದುರ್ಬಲನ ದೂರನ್ನು ಕೇಳುವ ಸಭೆಯು ಹಿಂಸೆಯಲ್ಲ. ಅದನ್ನು ಉಳಿಯಗೊಡುವುದು ಹಿಂಸೆಯ ಅನುಮೋದನೆಯೂ ಆಗುವುದಿಲ್ಲ. ಎರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ನಿಷೇಧಿಸೆಂದು ಕೇಳುವವನು ಅಹಿಂಸೆಯನ್ನು ಕೇಳುತ್ತಿಲ್ಲ, ಒಡೆತನವನ್ನು ಕೇಳುತ್ತಿದ್ದಾನೆ. ತತ್ತ್ವಾರ್ಥಸೂತ್ರವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳನ್ನು ಹೇಳಿದೆ. ಇವುಗಳಲ್ಲಿ ಕೊನೆಯದು ತಿಳಿಯಲೊಲ್ಲದವರ ವಿಷಯದಲ್ಲಿ ತಾಳಬೇಕಾದ ತಟಸ್ಥತೆ. ಸಂತಾಲರಿಗೆ ನಾವು ಇನ್ನೂ ಏನನ್ನೂ ತಿಳಿಯಹೇಳಿಲ್ಲವಾದ್ದರಿಂದ ಅವರನ್ನು ಆ ವರ್ಗಕ್ಕೆ ಸೇರಿಸುವ ಅಧಿಕಾರವೂ ನಮಗಿಲ್ಲ. ಮೊದಲನೆಯ ಮೈತ್ರಿಯೇ ಬಾಕಿಯಿದೆ.

ನಮ್ಮ ಕಡೆಯ ಕಟ್ಟಳೆಗಳ ಮಾತನ್ನೂ ಆಡಬೇಕು. ಬರಿಗಾಲಿನಲ್ಲಿ ಏರಬೇಕು, ಮೇಲೆ ಅನ್ನಾಹಾರ ಸೇವಿಸಬಾರದು, ಕತ್ತಲಾಗುವ ಮೊದಲು ಇಳಿಯಬೇಕು ಎಂದು ಹಿರಿಯರು ಹಾಕಿಕೊಟ್ಟ ಶಿಸ್ತನ್ನು ಇಂದಿನ ಯಾತ್ರಿಕರಲ್ಲಿ ಎಷ್ಟು ಜನ ಪಾಲಿಸುತ್ತಾರೆ? ದಾರಿಯುದ್ದಕ್ಕೂ ಎಸೆದ ಪ್ಲಾಸ್ಟಿಕ್ ಬಾಟಲಿಗಳು ಅನರ್ಥದಂಡವಲ್ಲದೆ ಮತ್ತೇನು? ವೃದ್ಧರನ್ನು ಡೋಲಿಯಲ್ಲಿ ಹೊತ್ತು 27 ಕಿಲೋಮೀಟರು ನಡೆಯುವವರು ಬೆಟ್ಟದ ಸುತ್ತಣ ಹಳ್ಳಿಗಳ ಬಡವರು. ಅವರ ಹೆಗಲ ಮೇಲೆ ಕುಳಿತು ಅವರ ದೈವದ ಹೆಸರನ್ನು ಕೇಳದೆ ಮರಳಿದವರ ಸಂಖ್ಯೆಯೇ ಹೆಚ್ಚು. ಯಾತ್ರೆಗಳನ್ನು ಏರ್ಪಡಿಸುವ ನಮ್ಮ ಬಸದಿಗಳ ಆಡಳಿತ ಮಂಡಳಿಗಳು, ಹೊರಡುವ ಮೊದಲೇ ಡೋಲಿಯವರ ಕೂಲಿಯನ್ನು ನ್ಯಾಯವಾಗಿ ಗೊತ್ತುಮಾಡಿ, ಚೌಕಾಸಿಯನ್ನು ನಿಲ್ಲಿಸಲು ಸಾಧ್ಯವಿದೆ.

2023ರ ಅದೇ ಆದೇಶದಲ್ಲಿ ಇನ್ನೊಂದು ಮಾತಿದೆ. ವಲಯದ ಮೇಲ್ವಿಚಾರಣಾ ಸಮಿತಿಗೆ ಜೈನ ಸಮಾಜದಿಂದ ಇಬ್ಬರನ್ನೂ ಸ್ಥಳೀಯ ಬುಡಕಟ್ಟು ಸಮಾಜದಿಂದ ಒಬ್ಬರನ್ನೂ ಖಾಯಂ ಆಹ್ವಾನಿತರನ್ನಾಗಿ ಸೇರಿಸಿಕೊಳ್ಳಬೇಕೆಂದು ಅದು ಹೇಳುತ್ತದೆ. ನಿಷೇಧವಿರುವುದು ಅನುಮತಿಯಿಲ್ಲದ ಬಿಡಾರಕ್ಕೆ ಮಾತ್ರ. ವೈಶಾಖ ಪೂರ್ಣಿಮೆಗೆ ಮುಂಚೆ ಆ ಮೂವರು ಮಧುಬನದಲ್ಲಿ ಕುಳಿತು, ಬಿಲ್ಲುಬಾಣಗಳಿಲ್ಲದ ಒಂದು ರಾತ್ರಿಯ ಸಭೆಗೆ ಯಾವ ಬಯಲು, ಎಷ್ಟು ಜನ, ನೀರಿಗೆ ಏನು, ಬೆಂಕಿಗೆ ಎಷ್ಟು ಎಚ್ಚರ ಎಂಬುದನ್ನು ಮಾತಾಡಿ ಅರಣ್ಯ ಇಲಾಖೆಯ ಮುಂದಿಡಲು ಆ ಆದೇಶದಲ್ಲಿ ಅಡ್ಡಿಯಿಲ್ಲ. ಆ ಮಾತನ್ನು ಇಬ್ಬರಿರುವ ಕಡೆಯಿಂದಲೇ ಮೊದಲು ಎತ್ತಬೇಕು.