ಅಡುಗೆಮನೆಗೆ ಬೆಳಕು

ನಮ್ಮ ಮನೆಯಲ್ಲಿ ಹಳೇ ಫೋಟೋಗಳ ತಗಡಿನ ಡಬ್ಬಿಯೊಂದಿದೆ. ಮೊನ್ನೆ ಮಳೆ ಹಿಡಿದಾಗ ಕೂತು ಎಲ್ಲ ತೆಗೆದು ನೋಡಿದೆ. ಮದುವೆ, ಉಪನಯನ, ಹೊಸ ಸೈಕಲ್ಲು, ಹಳೇ ಎಮ್ಮೆ... ಎಲ್ಲರೂ ಅಂಗಳದಲ್ಲೇ ನಿಂತಿದ್ದಾರೆ. ಹಿಂದೆ ಬಾಗಿಲು. ಬಾಗಿಲ ಒಳಗೆ ಬರೀ ಕಪ್ಪು. ಮನೆಯ ಒಳಗಿನದು ಒಂದೇ ಒಂದು ಫೋಟೋ ಇಲ್ಲ!

ಜೋಯಿಡಾ ಕಡೆಯವರಿಗೆ ಇದು ಸಣ್ಣ ವಿಷಯವಲ್ಲ. ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಮುಗಿಯಿತು. ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಹಳೇ ಸೂಪಾವೇ ನೀರಿನಡಿ ಹೋಯಿತು, ಎಷ್ಟೋ ಜನ ರಾಮನಗರಕ್ಕೆ ಬಂದು ಹೊಸದಾಗಿ ಒಲೆ ಹೂಡಿದರು. ಈಗ ಇನ್ನೊಂದು ಬಗೆಯ ಹೋಗುವಿಕೆ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿ ಎಂದು ಹೆಸರಿಟ್ಟರು. ಕಾಡೊಳಗಿನ ಕುಟುಂಬಗಳಲ್ಲಿ ಕೆಲವು ಪರಿಹಾರ ತಗೊಂಡು ಹೊರಗೆ ಹೋಗುತ್ತಿವೆ. ಕುಂಬಾರವಾಡದ ಹತ್ತಿರ ಇರುವ ನನ್ನ ಸೋದರತ್ತೆಯೂ ಮಗನ ಜೊತೆ ಶಿರಸಿಗೆ ಹೋಗುವುದೆಂದು ತೀರ್ಮಾನವಾಯಿತು. ಹೋಗುವ ಮೊದಲು ಆ ಅಡುಗೆಮನೆಯ ಒಂದು ಫೋಟೋ ತೆಗೆಯಬೇಕು ಅಂತ ನನ್ನ ಹಟ.

ಕ್ಯಾಮೆರಾ ಇತ್ತು. ಹ್ಯಾಸಲ್‌ಬ್ಲಾಡ್ ಸೂಪರ್ ವೈಡ್, ಹಳೇ ಮಾದರಿ. 1954ರಲ್ಲಿ ಮೊದಲು ಬಂದ ಈ ಜಾತಿಗೆ 38 ಎಂಎಂ ಬಯೋಗಾನ್ ಲೆನ್ಸು ಕಾಯಂ ಜೋಡಣೆ. ಚೌಕದ ಚಿತ್ರ, ಒಂದು ರೋಲಿಗೆ ಹನ್ನೆರಡು. ಸಣ್ಣ ಕೋಣೆಯ ಮೂಲೆಯಲ್ಲಿ ನಿಂತರೂ ಒಲೆ, ನಾಗಂದಿಗೆ, ಅಟ್ಟ ಎಲ್ಲ ಒಳಗೆ ಬರುತ್ತವೆ. ಇಲ್ಲದ್ದು ಬೆಳಕು. ಅಂದರೆ ಫ್ಲಾಶ್ ಹುಡುಕಬೇಕು.

ಹುಡುಕುತ್ತಾ ಹೋದರೆ ಫ್ಲಾಶಿನ ಇತಿಹಾಸ ಶುರುವಾಗಿದ್ದೇ ಇಂಥ ಕತ್ತಲೆ ಮನೆಗಳಿಂದ ಅನ್ನಬೇಕು. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಮೆಗ್ನೀಸಿಯಮ್ ಪುಡಿಗೆ ಮದ್ದು ಬೆರೆಸಿ ಮಿಂಚಿನ ಪುಡಿ ಮಾಡಿದರು. ಅದನ್ನು ಪೇಪರಿನಲ್ಲಿ ಓದಿದ ನ್ಯೂಯಾರ್ಕಿನ ವರದಿಗಾರ ಜೇಕಬ್ ರೀಸ್, ಬಡವರ ಕತ್ತಲೆ ಕೋಣೆಗಳಿಗೆ ಅದನ್ನು ಹೊತ್ತೊಯ್ದ. ಬಾಣಲೆಯಲ್ಲಿ ಪುಡಿ ಇಟ್ಟು ಸಿಡಿಸುತ್ತಿದ್ದನಂತೆ! ಮನೆಗೆ ಬೆಂಕಿ ತಗುಲಿದ್ದೂ ಉಂಟು. 1890ರಲ್ಲಿ ಅವನ ಪುಸ್ತಕ ಬಂದ ಮೇಲೆಯೇ ಊರಿನ ಉಳಿದವರಿಗೆ ಆ ಕೋಣೆಗಳು ಕಂಡಿದ್ದು. ನಮ್ಮ ದೇಶದಲ್ಲಿ ಎಫ್. ಡಬ್ಲ್ಯೂ. ಚಾಂಪಿಯನ್ ಎಂಬ ಅರಣ್ಯಾಧಿಕಾರಿ 1920ರ ದಶಕದಲ್ಲೇ ಇದೇ ಬೆಳಕಿನಲ್ಲಿ ರಾತ್ರಿ ಹುಲಿಯ ಫೋಟೋ ತೆಗೆದಿದ್ದ. ಕಾಡಿನ ಹುಲಿಗೆ ಸಿಕ್ಕ ಬೆಳಕು ನಮ್ಮತ್ತೆಯ ಒಲೆಗೆ ಸಿಗಲು ನೂರು ವರ್ಷ ಬೇಕಾಯಿತು ನೋಡಿ.

ಪುಡಿಯ ನಂತರ 1929ರಲ್ಲಿ ಒಂದು ಸಲ ಉರಿದು ಸುಟ್ಟುಹೋಗುವ ಬಲ್ಬು ಮಾರುಕಟ್ಟೆಗೆ ಬಂತು. 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಎಲೆಕ್ಟ್ರಾನಿಕ್ ಫ್ಲಾಶನ್ನು ಬೆಳೆಸಿದ. ಈಗ ನಾವು ಬಳಸುವುದು ಅದರ ಮೊಮ್ಮಕ್ಕಳನ್ನೇ.

ಅಂಗಡಿಯಲ್ಲಿ ಎಲ್ಲರೂ ಕೇಳುವುದು "ಪವರ್ ಎಷ್ಟು?" ಅಂತ. ನನಗೆ ಬೇಕಿದ್ದದ್ದು ಹರವು. ಮಾಮೂಲಿ ಫ್ಲಾಶು 35 ಎಂಎಂ ಲೆನ್ಸಿನ ನೋಟಕ್ಕೆ ತಕ್ಕದ್ದು, ಅಗಲಕ್ಕೆ ಸುಮಾರು 54 ಡಿಗ್ರಿ, ಎತ್ತರಕ್ಕೆ 38. ನನ್ನ ಚೌಕಕ್ಕೆ ಎರಡೂ ಕಡೆ ಸುಮಾರು 72 ಬೇಕು. ಹಾಗಾಗಿ ಎಷ್ಟೇ ದೊಡ್ಡ ಫ್ಲಾಶ್ ತಂದರೂ ನಡುವೆ ಬಿಳಿ, ಮೇಲೆ ಅಟ್ಟ ಕಪ್ಪು, ಕೆಳಗೆ ನೆಲ ಕಪ್ಪು. ಗೋಡೆಗೆ ಬಡಿಸಿ ಹಿಂದಿರುಗಿಸೋಣವೆಂದರೆ ಅದು ಹೊಗೆ ಕುಡಿದ ಗೋಡೆ, ಬೆಳಕನ್ನೂ ಕುಡಿಯುತ್ತದೆ. ಕೊನೆಗೆ ಮುಂದಿನ ಬಟ್ಟಲು ಬಿಚ್ಚಿ ಬರೀ ಟ್ಯೂಬು ಉರಿಸಬಹುದಾದ ಹಳೇ ಫ್ಲಾಶ್ ತಗೊಂಡೆ. ಶಕ್ತಿ ಬಹಳ ಪೋಲಾಗುತ್ತದೆ, ಆದರೆ ಬುಡ್ಡಿದೀಪದ ಹಾಗೆ ಸುತ್ತಲೂ ಚೆಲ್ಲುತ್ತದೆ. ಇಂಥ ಹಳೇ ಫ್ಲಾಶುಗಳ ವೋಲ್ಟೇಜು ಕೆಲವೊಮ್ಮೆ ಡಿಜಿಟಲ್ ಕ್ಯಾಮೆರಾ ಸುಡುವಷ್ಟಿರುತ್ತದೆ, ಯಾಂತ್ರಿಕ ಶಟರಿಗೆ ಆ ಭಯವಿಲ್ಲ.

ಹೋದೆ. ಅತ್ತೆ, "ತಮಾ, ಒಲೆ ಫೋಟೋ ಎಂತಕ್ಕೋ? ಬಾ, ಅಂಗಳಕ್ಕೆ ಹೋಪನ, ಅಲ್ಲಿ ಬೆಳಕಿದ್ದು" ಅಂದಳು. ಡಬ್ಬಿಯಲ್ಲಿ ಒಳಗಿನ ಫೋಟೋ ಯಾಕಿಲ್ಲ ಅಂತ ಆಗ ತಿಳಿಯಿತು! ಹನ್ನೆರಡೂ ಹೊಡೆದೆ. ಪ್ರತಿ ಸಲ ಫ್ಲಾಶ್ ಫಳ್ ಅಂತು.

ರೋಲು ತೊಳೆಸಿದರೆ... ಬಾಗಿಲು ಮಾತ್ರ ಬೆಳ್ಳಗೆ, ಉಳಿದದ್ದು ಕಪ್ಪು. ಅದೇ ಡಬ್ಬಿಯ ಫೋಟೋ, ಈ ಸಲ ಒಳಗಿನಿಂದ!

ತಪ್ಪು ನನ್ನದೇ. ಲೆನ್ಸಿನ ಪಕ್ಕದ ಸಣ್ಣ ಸನ್ನೆಗೆ ಎಂ, ಎಕ್ಸ್ ಎಂಬ ಗುರುತುಗಳಿವೆ. ಬಲ್ಬು ಹೊತ್ತಿ ಪೂರ್ತಿ ಉರಿಯಲು ಸೆಕೆಂಡಿನ ಐವತ್ತನೇ ಒಂದು ಪಾಲು ಬೇಕು, ಅದಕ್ಕೇ ಎಂನಲ್ಲಿ ಶಟರ್ ಸ್ವಲ್ಪ ಕಾದು ತೆರೆಯುತ್ತದೆ. ಎಲೆಕ್ಟ್ರಾನಿಕ್ ಫ್ಲಾಶು ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಅದಕ್ಕೆ ಎಕ್ಸ್ ಬೇಕು. ಬಲ್ಬಿನ ಕಾಲದ ನೆನಪೊಂದು ಆ ಸನ್ನೆಯಲ್ಲಿ ಉಳಿದುಕೊಂಡಿತ್ತು, ನಾನು ನೋಡಲಿಲ್ಲ. ಫಿಲ್ಮ್ ಬ್ಯಾಕ್ ತೆಗೆದು ಹಿಂದಿನಿಂದ ಲೆನ್ಸಿನೊಳಗೆ ನೋಡುತ್ತಾ ಒಮ್ಮೆ ಗೋಡೆಯತ್ತ ಹೊಡೆದಿದ್ದರೆ ಗೊತ್ತಾಗುತ್ತಿತ್ತು.

ಸಾಮಾನು ಸಾಗಿಸುವ ಮೊದಲಿನ ವಾರ ಮತ್ತೆ ಹೋದೆ. ಸನ್ನೆ ಎಕ್ಸ್‌ಗೆ, 400ರ ಫಿಲ್ಮು, ಎಫ್ 8, ಫೋಕಸ್ 3 ಮೀಟರಿಗೆ. ದೂರ ನಾಲ್ಕು ಪಟ್ಟಾದರೆ ಬೆಳಕು ಹದಿನಾರನೇ ಒಂದು ಪಾಲಾಗುತ್ತದೆ, ಹತ್ತಿರದ ಕೊಡಪಾನವೊಂದೇ ಬೆಳ್ಳಗಾಗಬಾರದೆಂದು ಫ್ಲಾಶನ್ನು ಉದ್ದ ವೈರಿನಲ್ಲಿ ಭಾವನ ಕೈಗೆ ಕೊಟ್ಟು ನಡುವೆ ಎತ್ತಿ ಹಿಡಿಸಿದೆ.

ಈ ಸಲ ಬಂತು. ಒಲೆ, ಅದರ ಮೇಲಿನ ತೂಗುಗಳು, ಮಸಿ ಹಿಡಿದ ಜಂತಿ, ಬಾಗಿಲ ಹಿಂದೆ ಒರಗಿಸಿದ ಕತ್ತಿ. ಶಿರಸಿಯ ಹೊಸ ಮನೆಯಲ್ಲಿ ಪ್ರಿಂಟು ಕೊಟ್ಟೆ. ಅತ್ತೆ ಬಹಳ ಹೊತ್ತು ನೋಡಿ, "ಅಯ್ಯ, ಇಷ್ಟೆಲ್ಲ ಮಸಿ ಇತ್ತನೋ?" ಅಂದಳು. ನಲವತ್ತೆಂಟು ವರ್ಷ ಅಲ್ಲೇ ಬೇಯಿಸಿದವಳು ಅವಳು.

ಮೊಬೈಲಲ್ಲೇ ತೆಗೀಬಹುದಿತ್ತಲ್ಲ ಅಂತೀರಾ? ಅದರಲ್ಲೂ ತೆಗೆದೆ. ಆದರೆ ಡಬ್ಬಿಯೊಳಗೆ ಇಡುವುದಕ್ಕೆ ಒಂದು ನೆಗೆಟಿವ್ ಬೇಕಿತ್ತು. ನಿಮ್ಮ ಮನೆಯ ಡಬ್ಬಿಯನ್ನೂ ಒಮ್ಮೆ ತೆಗೆದು ನೋಡಿ. ಒಳಗಿನ ಫೋಟೋ ಒಂದಾದರೂ ಇದೆಯಾ?