ಬಳ್ಳಿಗಾವಿಯಿಂದ ಜೈಪುರಕ್ಕೆ: ಒಂದು ಸೇನಾ ಲಾಂಛನದ ಹಾದಿ

ಭಾರತೀಯ ಸೇನೆಯಲ್ಲಿ ಇಂದಿಗೂ ಕುದುರೆಗಳನ್ನೇ ಉಳಿಸಿಕೊಂಡು ಬಂದಿರುವ ಅಶ್ವದಳ 61ನೇ ಕ್ಯಾವಲ್ರಿ. ಅದರ ನೆಲೆ ರಾಜಸ್ಥಾನದ ಜೈಪುರ, ಧ್ಯೇಯವಾಕ್ಯ ‘ಅಶ್ವಶಕ್ತಿ ಯಶೋಬಲ’. ದೆಹಲಿಯ ಗಣರಾಜ್ಯೋತ್ಸವದ ಕವಾಯತಿನಲ್ಲಿ ಈ ಸವಾರರ ತುಕಡಿಯನ್ನು ದೇಶವೇ ನೋಡುತ್ತದೆ. ಆದರೆ ಅವರ ಲಾಂಛನ ಹುಟ್ಟಿದ್ದು ಕನ್ನಡ ನೆಲದಲ್ಲಿ ಎಂಬುದು ನಮ್ಮಲ್ಲೇ ಹಲವರಿಗೆ ಗೊತ್ತಿಲ್ಲ. ಅದು ಎರಡು ತಲೆಯ ಗಂಡಭೇರುಂಡ.

ಈ ಹಕ್ಕಿಯ ಜಾಡು ಹಿಡಿದರೆ ನಾವು ತಲುಪುವುದು ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಗೆ. ಚಾಲುಕ್ಯರ ಅಧೀನದಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ 1047ರಲ್ಲಿ ಅಲ್ಲಿ ಭೇರುಂಡೇಶ್ವರ ಸ್ತಂಭವನ್ನು ನಿಲ್ಲಿಸಿದ. ಸುಮಾರು 30 ಅಡಿ ಎತ್ತರದ ಆ ಕಂಬದ ಮೇಲಿರುವ ಭೇರುಂಡಕ್ಕೆ ತಲೆಗಳೆರಡು ಹಕ್ಕಿಯವು, ಮೈ ಮಾತ್ರ ಮನುಷ್ಯನದು. ವಿಜಯನಗರದ ಕಾಲಕ್ಕೆ ಈ ಹಕ್ಕಿ ನಾಣ್ಯಕ್ಕೆ ಇಳಿಯಿತು. ಅಚ್ಯುತದೇವರಾಯನ ಚಿನ್ನದ ನಾಣ್ಯಗಳಲ್ಲಿ ಗಂಡಭೇರುಂಡ ಆನೆಗಳನ್ನು ಕೊಕ್ಕಿನಲ್ಲೂ ಉಗುರಿನಲ್ಲೂ ಹಿಡಿದು ನಿಂತಿದೆ. ಕಾಡಿನಲ್ಲಿ ಎದುರಾಳಿಯೇ ಇಲ್ಲದ ಆನೆಯನ್ನು ಇಲಿಮರಿಯಂತೆ ಎತ್ತಿ ಹಿಡಿಯುವ ಶಕ್ತಿ: ಚಿತ್ರ ಹೇಳುವುದು ಅದನ್ನೇ. ಕೆಳದಿಯ ರಾಮೇಶ್ವರ ದೇವಾಲಯದ ಚಾವಣಿಯಲ್ಲಿಯೂ ಈ ಹಕ್ಕಿಯನ್ನು ಕಾಣಬಹುದು. ಕಡೆಗೆ ಮೈಸೂರು ಒಡೆಯರು ಅದನ್ನು ರಾಜಲಾಂಛನದ ನಡುವೆ ಇಟ್ಟು, ಎರಡು ಬದಿಗೆ ಗಜಕೇಸರಿಗಳನ್ನು ನಿಲ್ಲಿಸಿದರು.

ಅರಮನೆಯ ಚಿಹ್ನೆ ಸೈನಿಕನ ಚಿಹ್ನೆಯಾಗಿ ದೂರದ ರಣರಂಗಕ್ಕೆ ಹೋದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಒಂದು ವ್ಯವಸ್ಥೆಯಿಂದ. ಆಗ ದೇಶೀ ಸಂಸ್ಥಾನಗಳು ಬ್ರಿಟಿಷ್ ಸಾಮ್ರಾಜ್ಯದ ಯುದ್ಧಗಳಿಗೆಂದು ತಮ್ಮ ಖರ್ಚಿನಲ್ಲಿ ‘ಇಂಪೀರಿಯಲ್ ಸರ್ವಿಸ್’ ಪಡೆಗಳನ್ನು ಸಾಕತೊಡಗಿದವು. ಆ ಪಡೆಗಳ ಅಧಿಕಾರಿಗಳು ಭಾರತೀಯರು. ಮೈಸೂರಿನ ಪಾಲಿನದು ಮೈಸೂರು ಲ್ಯಾನ್ಸರ್ಸ್.

ಮೊದಲ ಮಹಾಯುದ್ಧ ಶುರುವಾದಾಗ ಈ ಸವಾರರು ಈಜಿಪ್ಟಿಗೆ ಹೊರಟರು, ಸೂಯೆಜ್ ಕಾಲುವೆಯನ್ನು ಕಾದರು, ಬಳಿಕ ಪ್ಯಾಲೆಸ್ಟೈನಿಗೆ ನಡೆದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರನ್ನು ಗೆಲ್ಲುವ ಕೆಲಸ ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಸವಾರರಿದ್ದ 15ನೇ ಅಶ್ವಬ್ರಿಗೇಡಿನ ಪಾಲಿಗೆ ಬಂತು. ಒಂದು ಕಡೆ ಕಿಶೋನ್ ನದಿಯ ಜೌಗು, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ. ಬೆಟ್ಟದ ಮೇಲೆ ತುರ್ಕಿ ಪಡೆಯ ಫಿರಂಗಿ, ಇಳಿಜಾರಿನಲ್ಲಿ ಮಷೀನ್‌ಗನ್. ಮೈಸೂರಿನ ಸವಾರರು ಬೆಟ್ಟದ ಕಡೆಯ ಗನ್ನುಗಳ ಮೇಲೆ ಬಿದ್ದರು. ಜೋಧಪುರದವರು ಭರ್ಜಿ ಹಿಡಿದು ಊರಿನೊಳಗೆ ನುಗ್ಗಿದರು. ಜೋಧಪುರದ ಮೇಜರ್ ದಲಪತ್ ಸಿಂಗ್ ಅಲ್ಲಿಯೇ ಮಡಿದರು. ಸಂಜೆಯೊಳಗೆ ಊರು ವಶವಾಯಿತು. 1,350 ಮಂದಿ ಸೆರೆಸಿಕ್ಕರು. 17 ಫಿರಂಗಿ, 11 ಮಷೀನ್‌ಗನ್ ಕೈಸೇರಿದವು. ದೆಹಲಿಯ ತೀನ್‌ಮೂರ್ತಿ ಸ್ಮಾರಕದ ಮೂವರು ಯೋಧರು ಹೈದರಾಬಾದ್, ಜೋಧಪುರ, ಮೈಸೂರುಗಳ ಪ್ರತಿನಿಧಿಗಳು. 2018ರಲ್ಲಿ ಆ ವೃತ್ತಕ್ಕೆ ತೀನ್‌ಮೂರ್ತಿ ಹೈಫಾ ಚೌಕ ಎಂದು ಹೆಸರಾಯಿತು.

ಸ್ವಾತಂತ್ರ್ಯ ಬಂದಮೇಲೆ ಸೇನೆಯ ಲಾಂಛನಗಳಿಗೆಲ್ಲ ಪರೀಕ್ಷೆಯ ಕಾಲ ಬಂತು. 1950ರಲ್ಲಿ ದೇಶ ಗಣರಾಜ್ಯವಾದಾಗ ಅಧಿಕಾರಿಗಳ ಹೆಗಲ ಮೇಲಿನ ಬ್ರಿಟಿಷ್ ಕಿರೀಟ ಇಳಿಯಿತು, ಅಶೋಕನ ಸಿಂಹಗಳು ಏರಿದವು. ಹಳೆಯದೆಲ್ಲವೂ ಹೋಗಲಿಲ್ಲ. ಕುಮಾವೂಂ ರೆಜಿಮೆಂಟಿನ ಬ್ಯಾಡ್ಜಿನಲ್ಲಿ ಶಿಲುಬೆ ಹಿಡಿದ ಸಿಂಹ ಈಗಲೂ ಇದೆ. ಹೈದರಾಬಾದಿನಲ್ಲಿ ರೆಸಿಡೆಂಟನಾಗಿದ್ದ ಹೆನ್ರಿ ರಸೆಲ್ ಕಟ್ಟಿದ ಪಡೆಯ ಮೂಲಕ ಅವನ ಮನೆತನದ ಗುರುತು ಅಲ್ಲಿಗೆ ಬಂದಿತ್ತು. ಮದ್ರಾಸ್ ರೆಜಿಮೆಂಟಿನ ಆನೆ 1803ರ ಅಸಾಯೆ ಕದನದ ನೆನಪು. ಅಸಾಯೆ, ಶ್ರೀರಂಗಪಟ್ಟಣದಂಥ ಗೆಲುವುಗಳು ಭಾರತೀಯರ ವಿರುದ್ಧವೇ ಪಡೆದವು. ಆದ್ದರಿಂದ ನಮ್ಮ ಸೇನೆ ಅವನ್ನು ಗೌರವವೆಂದು ಆಚರಿಸುವುದಿಲ್ಲ. ಆದರೂ ಆನೆ ಉಳಿಯಿತು. ಇಷ್ಟು ದಿನ ಅದನ್ನು ಧರಿಸಿ ಪ್ರಾಣಕೊಟ್ಟ ಸಿಪಾಯಿಗಳು ಅದನ್ನು ತಮ್ಮದಾಗಿಸಿಕೊಂಡಿದ್ದರು.

ಗಂಡಭೇರುಂಡದ ಕಥೆಯೂ ಇದೇ, ಇನ್ನೂ ಒಂದು ಹೆಜ್ಜೆ ಮುಂದೆ. ಸಂಸ್ಥಾನಗಳ ಪಡೆಗಳು ರಾಷ್ಟ್ರದ ಸೇನೆಯಲ್ಲಿ ಸೇರಿಹೋದವು. ಅವುಗಳ ಅಶ್ವದಳಗಳನ್ನು ಒಟ್ಟುಗೂಡಿಸಿ 1953ರಲ್ಲಿ ಗ್ವಾಲಿಯರಿನಲ್ಲಿ ಹೊಸ ದಳ ಕಟ್ಟಲಾಯಿತು. ಮರುವರ್ಷ ಅದಕ್ಕೆ 61ನೇ ಕ್ಯಾವಲ್ರಿ ಎಂಬ ಹೆಸರು ಬಂತು. ಗ್ವಾಲಿಯರ್, ಜೋಧಪುರ, ಪಟಿಯಾಲ, ಸೌರಾಷ್ಟ್ರ, ಮೈಸೂರುಗಳ ಸವಾರರು ಒಂದೇ ಲಾಯಕ್ಕೆ ಬಂದರು. ಬೇರೆ ಬೇರೆ ಅರಸರ ಉಪ್ಪುಂಡವರು ಈಗ ಒಂದೇ ಚಿಹ್ನೆ ಧರಿಸಬೇಕು. ಆ ಪಟ್ಟ ಸಿಕ್ಕಿದ್ದು ಮೈಸೂರಿನ ಹಕ್ಕಿಗೆ. ರಜಪೂತ ಸವಾರ ಅದನ್ನು ಟೋಪಿಗೆ ಸಿಕ್ಕಿಸಿಕೊಂಡ ದಿನವೇ ಅದು ಒಂದು ಮನೆತನದ ಸೊತ್ತಾಗಿ ಉಳಿಯಲಿಲ್ಲ. ಸೆಪ್ಟೆಂಬರ್ 23ನ್ನು ಈ ರೆಜಿಮೆಂಟ್ ಇಂದಿಗೂ ಹೈಫಾ ದಿನವಾಗಿ ಆಚರಿಸುತ್ತದೆ.

ಅದೇ ಹಕ್ಕಿ ಇಂದು ಕರ್ನಾಟಕ ಸರ್ಕಾರದ ಮುದ್ರೆಯ ನಡುವೆಯೂ ಇದೆ. ನೆತ್ತಿಯ ಮೇಲೆ ಅಶೋಕನ ಸಿಂಹಗಳು, ಬುಡದಲ್ಲಿ ‘ಸತ್ಯಮೇವ ಜಯತೇ’. ಸರ್ಕಾರಿ ಕಾಗದದ ಮೇಲೆ ದಿನವೂ ಕಣ್ಣಿಗೆ ಬೀಳುವುದರಿಂದಲೋ ಏನೋ, ಅದನ್ನು ನಾವು ನಿಂತು ನೋಡುವುದೇ ಇಲ್ಲ. ರಾಜಲಾಂಛನವೆಂದರೆ ಅರಮನೆ, ದಸರಾ, ಅಂಬಾರಿಗಳ ಮಾತಷ್ಟೇ ಆಗುತ್ತದೆ. ಕಾರ್ಮೆಲ್ ಬೆಟ್ಟ ಹತ್ತಿದ ಸಾಮಾನ್ಯ ಸವಾರನ ಮಾತು ಬರುವುದಿಲ್ಲ. ಲಾಂಛನಕ್ಕೆ ಬೆಲೆ ತಂದುಕೊಟ್ಟವನು ಅವನು. ಆದ್ದರಿಂದ ನಮ್ಮ ಶಾಲೆಯ ಚರಿತ್ರೆ ಪಾಠದಲ್ಲಿ ಬಳ್ಳಿಗಾವಿಯ ಕಂಬವೂ ಹೈಫಾ ಕದನವೂ ಒಟ್ಟಿಗೆ ಬರಬೇಕು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಮೇಷ್ಟರುಗಳು ಮಕ್ಕಳನ್ನು ಒಮ್ಮೆ ಕರೆದೊಯ್ಯಲಿ.